ಚಳಿಗಾಲದ ಪೂರ್ವಸಿದ್ಧತೆ (ಮನೆ ಮತ್ತು ಕೈತೋಟ)

ಚಳಿಗಾಲದ ಪೂರ್ವಸಿದ್ಧತೆ ಎಂದರೆ ವಾತಾವರಣದ ಉಷ್ಣಾಂಶವು ನೀರಿನ ಘನೀಭವನ ಬಿಂದುವಾದ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯುವ ಪ್ರದೇಶಗಳಲ್ಲಿ, ಶೀತಕಾಲ ಆರಂಭವಾಗುವ ಮುನ್ನ ವಾಸದ ಮನೆ ಮತ್ತು ಕೈತೋಟವನ್ನು ಹಾನಿಯಿಂದ ಕಾಪಾಡಲು ಕೈಗೊಳ್ಳುವ ಕ್ರಮಗಳ ಸಮೂಹ. ನೀರಿನ ಕೊಳವೆಗಳ ರಕ್ಷಣೆ, ಗೋಡೆ ಮತ್ತು ಮಾಡಿನ ಉಷ್ಣನಿರೋಧನ, ತಾಪನ ಸಾಧನಗಳ ತಪಾಸಣೆ, ಸಸ್ಯಗಳ ಬೇರು ಹಾಗೂ ಕಾಂಡಗಳಿಗೆ ಹೊದಿಕೆ ಒದಗಿಸುವುದು, ಆಹಾರ ಮತ್ತು ಇಂಧನದ ಸಂಗ್ರಹ ಇವು ಇದರ ಮುಖ್ಯ ಅಂಗಗಳು. ಉತ್ತರ ಅಮೆರಿಕ, ಯುರೋಪ್, ಮಧ್ಯ ಹಾಗೂ ಪೂರ್ವ ಏಷ್ಯಾ ಮತ್ತು ಭಾರತದ ಹಿಮಾಲಯ ಪ್ರದೇಶಗಳಲ್ಲಿ ಇದು ಪ್ರತಿ ವರ್ಷ ಶರತ್ಕಾಲದಲ್ಲಿ ನಡೆಯುವ ವಾಡಿಕೆಯ ಕೆಲಸವಾಗಿದೆ. ಉತ್ತರಾರ್ಧಗೋಳದಲ್ಲಿ ಈ ಸಿದ್ಧತೆಯು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಡೆಯುತ್ತದೆ.

ವೈಜ್ಞಾನಿಕ ಹಿನ್ನೆಲೆ

ಬಹುತೇಕ ದ್ರವಗಳು ಘನರೂಪ ತಾಳುವಾಗ ಕುಗ್ಗುತ್ತವೆ. ನೀರು ಇದಕ್ಕೆ ಅಪವಾದ. ನೀರಿನ ಸಾಂದ್ರತೆಯು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಧಿಕವಾಗಿದ್ದು, ಅದಕ್ಕಿಂತ ತಣ್ಣಗಾದಂತೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು 9 ಪ್ರತಿಶತದಷ್ಟು ಹೆಚ್ಚುತ್ತದೆ. ಚಳಿಗಾಲದಲ್ಲಿ ಮನೆಗೂ ತೋಟಕ್ಕೂ ಆಗುವ ಹಾನಿಯಲ್ಲಿ ಹೆಚ್ಚಿನ ಪಾಲು ಈ ಒಂದು ಗುಣದಿಂದಲೇ ಉಂಟಾಗುತ್ತದೆ. ಕೊಳವೆ ಒಡೆಯುವುದು, ಮಣ್ಣಿನ ಕುಂಡ ಬಿರಿಯುವುದು, ರಸ್ತೆ ಹಾಗೂ ಅಡಿಪಾಯದಲ್ಲಿ ಬಿರುಕು ಮೂಡುವುದು, ನೆಲ ಉಬ್ಬಿ ಸಸಿಗಳ ಬೇರು ಮೇಲೇಳುವುದು ಇವೆಲ್ಲಕ್ಕೂ ಕಾರಣ ಹಿಗ್ಗುವ ಮಂಜುಗಡ್ಡೆ.

ಕೊಳವೆಯು ಮಂಜುಗಡ್ಡೆ ಕಟ್ಟಿದ ಜಾಗದಲ್ಲಿಯೇ ಒಡೆಯುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಹಾಗಾಗುವುದು ಕಡಿಮೆ. ಕೊಳವೆಯೊಳಗೆ ಒಂದೆಡೆ ಮಂಜುಗಡ್ಡೆಯ ಬಿರಟೆ ಏರ್ಪಟ್ಟು ಅದು ಬೆಳೆಯತೊಡಗಿದಾಗ, ಆ ಬಿರಟೆ ಮತ್ತು ಮುಚ್ಚಿದ ನಲ್ಲಿಯ ನಡುವೆ ಸಿಲುಕಿದ ನೀರಿನ ಮೇಲೆ ಒತ್ತಡ ಬೀಳುತ್ತದೆ. ಈ ಒತ್ತಡವು ಕೊಳವೆಯ ತಾಳಿಕೆಯನ್ನು ಮೀರಿದಾಗ, ಇನ್ನೂ ಹೆಪ್ಪುಗಟ್ಟದ ಭಾಗದಲ್ಲಿ, ಅದರಲ್ಲೂ ದುರ್ಬಲವಾದ ಬೆಸುಗೆಯ ಬಳಿ ಕೊಳವೆ ಸೀಳುತ್ತದೆ. ತೀವ್ರ ಚಳಿಯ ರಾತ್ರಿ ನಲ್ಲಿಯಿಂದ ನೀರು ಸಣ್ಣಗೆ ತೊಟ್ಟಿಕ್ಕುವಂತೆ ಬಿಡುವ ಕ್ರಮವು ಈ ಒತ್ತಡವನ್ನು ತಗ್ಗಿಸುವುದರಿಂದಲೇ ಫಲಕಾರಿಯಾಗಿದೆ. ಹರಿಯುವ ನೀರು ಹೆಪ್ಪುಗಟ್ಟುವುದೇ ಇಲ್ಲ ಎಂಬುದು ಮಾತ್ರ ಸರಿಯಲ್ಲ.

ಒಡೆದ ಕೊಳವೆಯಿಂದ ನೀರು ಹರಿಯತೊಡಗುವುದು ಬಹುಮಟ್ಟಿಗೆ ಚಳಿ ಕಡಿಮೆಯಾದ ಮೇಲೆ. ಅಲ್ಲಿಯವರೆಗೆ ಮಂಜುಗಡ್ಡೆಯೇ ನೀರಿನ ಹರಿವನ್ನು ತಡೆದಿರುತ್ತದೆ. ಈ ಕಾರಣದಿಂದ ಹಿಮ ಕರಗುವ ದಿನಗಳಲ್ಲಿ ಮನೆಗಳು ಜಲಾವೃತವಾಗುವ ಘಟನೆಗಳು ಹೆಚ್ಚು. 2010ರ ಡಿಸೆಂಬರ್ ತಿಂಗಳ ಕಡುಚಳಿಯ ನಂತರ ಉತ್ತರ ಐರ್ಲೆಂಡ್‌ನಲ್ಲಿ ಹಿಮ ಕರಗಿದಾಗ ಅಸಂಖ್ಯ ಕೊಳವೆಗಳು ಏಕಕಾಲಕ್ಕೆ ಸೋರಿ, ಸಾವಿರಾರು ಮನೆಗಳಿಗೆ ಅನೇಕ ದಿನ ನೀರು ಪೂರೈಕೆ ನಿಂತುಹೋಗಿತ್ತು.

ಮನೆಯ ಸಿದ್ಧತೆ

ನೀರಿನ ಕೊಳವೆಗಳು

ಶೀತ ಪ್ರದೇಶಗಳಲ್ಲಿ ನೀರಿನ ಕೊಳವೆಗಳನ್ನು ಮತ್ತು ಕಟ್ಟಡದ ಅಡಿಪಾಯವನ್ನು ನೆಲ ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗೆ ಇರಿಸುವುದು ರೂಢಿ. ಅಮೆರಿಕದ ಮಿನ್ನೆಸೋಟ ರಾಜ್ಯದ ಕಟ್ಟಡ ನಿಯಮದ ಪ್ರಕಾರ ಅಡಿಪಾಯದ ಕನಿಷ್ಠ ಆಳವು ದಕ್ಷಿಣ ಭಾಗದಲ್ಲಿ 42 ಅಂಗುಲ ಮತ್ತು ಉತ್ತರ ಭಾಗದಲ್ಲಿ 60 ಅಂಗುಲ. ಬೆಚ್ಚಗಿನ ರಾಜ್ಯಗಳಲ್ಲಿ ಇಂತಹ ಆಳ ಅಗತ್ಯವಿಲ್ಲದ ಕಾರಣ ಕೊಳವೆಗಳು ಹೊರಗೋಡೆಯಲ್ಲಿ ಅಥವಾ ಶಾಖವಿಲ್ಲದ ಅಟ್ಟದಲ್ಲಿ ಹಾದುಹೋಗುತ್ತವೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಸಂಶೋಧನೆಯು, ಇಂತಹ ಅಟ್ಟಗಳಲ್ಲಿನ ಹೊದಿಕೆಯಿಲ್ಲದ ಕೊಳವೆಗಳಿಗೆ ಹೊರಗಿನ ಉಷ್ಣಾಂಶ ಸುಮಾರು −6.7 ಡಿಗ್ರಿ ಸೆಲ್ಸಿಯಸ್ (20 ಡಿಗ್ರಿ ಫ್ಯಾರನ್‌ಹೀಟ್) ತಲುಪಿದಾಗ ಅಪಾಯ ಆರಂಭವಾಗುತ್ತದೆಂದು ಕಂಡುಕೊಂಡಿತು.

ಸಾಮಾನ್ಯವಾಗಿ ಅನುಸರಿಸುವ ಕ್ರಮಗಳು ಇಂತಿವೆ:

- ತೋಟದ ನಲ್ಲಿಗೆ ಜೋಡಿಸಿದ ರಬ್ಬರ್ ಕೊಳವೆಯನ್ನು ಬಿಚ್ಚಿ, ನೀರನ್ನು ಬಸಿದು ಒಳಗಿಡುವುದು. ಜೋಡಿಸಿದ ಹಾಗೆಯೇ ಬಿಟ್ಟರೆ ನಲ್ಲಿಯಲ್ಲಿ ನೀರು ನಿಂತು, ಗೋಡೆಯೊಳಗಿನ ಕೊಳವೆಯೂ ಒಡೆಯಬಹುದು.
- ಹೊರಗಿನ ನಲ್ಲಿಗೆ ಹೋಗುವ ಒಳಭಾಗದ ಕವಾಟವನ್ನು ಮುಚ್ಚಿ, ಹೊರಗಿನ ನಲ್ಲಿಯನ್ನು ತೆರೆದಿಡುವುದು.
- ಅಟ್ಟ, ನೆಲಮಾಳಿಗೆ, ವಾಹನ ನಿಲುಗಡೆಯ ಕೋಣೆ ಮೊದಲಾದ ಶಾಖವಿಲ್ಲದ ಸ್ಥಳಗಳಲ್ಲಿನ ಕೊಳವೆಗಳಿಗೆ ಫೋಮ್ ಹೊದಿಕೆ ಹಾಕುವುದು. ಹೊದಿಕೆಯು ಶಾಖವನ್ನು ಉತ್ಪಾದಿಸುವುದಿಲ್ಲ. ತಣ್ಣಗಾಗುವ ವೇಗವನ್ನಷ್ಟೇ ತಗ್ಗಿಸುತ್ತದೆ. ದೀರ್ಘಕಾಲದ ಚಳಿಯಿರುವೆಡೆ ವಿದ್ಯುತ್ತಿನಿಂದ ಬೆಚ್ಚಗಾಗುವ ಪಟ್ಟಿಗಳನ್ನು ಸುತ್ತಲಾಗುತ್ತದೆ.
- ತುಂತುರು ನೀರಾವರಿಯ ಭೂಗತ ಕೊಳವೆಗಳಿಂದ ಸಂಕುಚಿತ ಗಾಳಿಯ ನೆರವಿನಿಂದ ನೀರನ್ನು ಹೊರಹಾಕುವುದು.
- ಅಡುಗೆಮನೆಯ ತೊಟ್ಟಿಯ ಕೆಳಗಿನ ಕಪಾಟಿನ ಬಾಗಿಲನ್ನು ಚಳಿಯ ರಾತ್ರಿಗಳಲ್ಲಿ ತೆರೆದಿಟ್ಟು, ಕೋಣೆಯ ಬೆಚ್ಚಗಿನ ಗಾಳಿ ಕೊಳವೆಗೆ ತಗಲುವಂತೆ ಮಾಡುವುದು.
- ಮನೆಯ ಮುಖ್ಯ ನೀರಿನ ಕವಾಟ ಎಲ್ಲಿದೆ ಎಂಬುದನ್ನು ಮನೆಯ ಎಲ್ಲ ಸದಸ್ಯರೂ ಮೊದಲೇ ತಿಳಿದಿರುವುದು.

ಹೆಪ್ಪುಗಟ್ಟಿದ ಕೊಳವೆಯನ್ನು ಕರಗಿಸುವಾಗ ಮೊದಲು ನಲ್ಲಿಯನ್ನು ತೆರೆದಿಡಬೇಕು. ನಲ್ಲಿಯ ಕಡೆಯಿಂದ ಆರಂಭಿಸಿ ಹಿಂದಕ್ಕೆ ಸಾಗುತ್ತ, ಕೂದಲು ಒಣಗಿಸುವ ಯಂತ್ರ ಅಥವಾ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ನಿಧಾನವಾಗಿ ಶಾಖ ಕೊಡಬೇಕು. ತೆರೆದ ಜ್ವಾಲೆಯ ಬಳಕೆಯು ಬೆಂಕಿ ಅನಾಹುತಕ್ಕೆ ಕಾರಣವಾಗುವುದರಿಂದ ನಿಷಿದ್ಧ.

ಉಷ್ಣನಿರೋಧನ

ಮನೆಯೊಳಗಿನ ಶಾಖವು ಗೋಡೆ, ಕಿಟಕಿ ಹಾಗೂ ಮಾಡಿನ ಮೂಲಕ ವಹನದಿಂದಲೂ, ಸಂದುಗಳ ಮೂಲಕ ಗಾಳಿಯ ಚಲನೆಯಿಂದಲೂ ಹೊರಹೋಗುತ್ತದೆ. ಗಾಜಿನ ಉಣ್ಣೆ, ಸೆಲ್ಯುಲೋಸ್ ಮುಂತಾದ ನಿರೋಧಕಗಳು ನಿಶ್ಚಲ ಗಾಳಿಯನ್ನು ಹಿಡಿದಿಟ್ಟು ಶಾಖನಷ್ಟವನ್ನು ತಡೆಯುತ್ತವೆ. ಎರಡು ಪದರದ ಗಾಜಿನ ಕಿಟಕಿಗಳ ತತ್ವವೂ ಇದೇ. ಬಾಗಿಲು ಕಿಟಕಿಗಳ ಅಂಚಿಗೆ ರಬ್ಬರ್ ಅಥವಾ ಫೋಮ್ ಪಟ್ಟಿ ಅಂಟಿಸುವುದು ಮತ್ತು ಚೌಕಟ್ಟಿನ ಬಿರುಕುಗಳನ್ನು ಮೆತ್ತುವುದು ಕಡಿಮೆ ವೆಚ್ಚದ ಕ್ರಮಗಳು. ಸೋರುವ ಜಾಗವನ್ನು ಪತ್ತೆಹಚ್ಚಲು ಗಾಳಿ ಬೀಸುವ ದಿನ ಊದುಬತ್ತಿಯ ಹೊಗೆಯನ್ನು ಅಂಚಿನ ಬಳಿ ಹಿಡಿದು, ಅದು ಅಲುಗುವ ದಿಕ್ಕನ್ನು ಗಮನಿಸಬಹುದು.

ಮಾಡು

ಶರತ್ಕಾಲದ ಎಲೆಗಳು ಉದುರಿದ ಬಳಿಕ ಮಾಡಿನ ನೀರುದೋಣಿಗಳನ್ನು ಶುಚಿಗೊಳಿಸಲಾಗುತ್ತದೆ. ಒಳಗಿನ ಶಾಖ ಅಟ್ಟಕ್ಕೆ ಏರಿದರೆ ಮಾಡಿನ ಮೇಲ್ಭಾಗದ ಹಿಮ ಕರಗುತ್ತದೆ. ಆ ನೀರು ಕೆಳಗೆ ಹರಿದು, ತಣ್ಣಗಿರುವ ಸೂರಿನ ಅಂಚಿನಲ್ಲಿ ಪುನಃ ಹೆಪ್ಪುಗಟ್ಟಿ ಅಡ್ಡಕಟ್ಟೆಯಾಗುತ್ತದೆ. ಅದರ ಹಿಂದೆ ನಿಂತ ನೀರು ಹೆಂಚುಗಳ ಸಂದಿನಿಂದ ಮನೆಯೊಳಗೆ ಇಳಿಯುತ್ತದೆ. ಇದನ್ನು ಹಿಮಕಟ್ಟೆ ಎನ್ನಬಹುದು. ಅಂಚಿನ ಮಂಜುಗಡ್ಡೆಯನ್ನು ಒಡೆಯುವುದು ತಾತ್ಕಾಲಿಕ ಉಪಾಯ. ಅಟ್ಟದ ನೆಲಕ್ಕೆ ನಿರೋಧನ ಒದಗಿಸಿ, ಅಟ್ಟದಲ್ಲಿ ಗಾಳಿಯಾಡುವಂತೆ ಮಾಡುವುದು ಶಾಶ್ವತ ಪರಿಹಾರ.

ತಾಪನ ಮತ್ತು ಇಂಗಾಲದ ಮಾನಾಕ್ಸೈಡ್

ಚಳಿಗಾಲಕ್ಕೆ ಮುನ್ನ ಕುಲುಮೆ ಅಥವಾ ಬಾಯ್ಲರ್‌ನ ತಪಾಸಣೆ, ಗಾಳಿಶೋಧಕದ ಬದಲಾವಣೆ ಹಾಗೂ ಚಿಮಣಿಯ ಶುಚಿ ನಡೆಯುತ್ತದೆ. ಸೌದೆ ಉರಿಸುವ ಚಿಮಣಿಯ ಒಳಗೋಡೆಯಲ್ಲಿ ಕ್ರಿಯೋಸೋಟ್ ಎಂಬ ದಹನಶೀಲ ಮಸಿ ಕಟ್ಟಿಕೊಳ್ಳುತ್ತದೆ. ಚಿಮಣಿ ಬೆಂಕಿಗೆ ಇದು ಮುಖ್ಯ ಕಾರಣ. ಕೋಣೆಯ ಹೀಟರುಗಳಿಂದ ಪರದೆ, ಹಾಸಿಗೆ ಮೊದಲಾದವನ್ನು ಕನಿಷ್ಠ 3 ಅಡಿ ದೂರದಲ್ಲಿಡಬೇಕು.

ಇದ್ದಿಲು, ಸೌದೆ, ಅನಿಲ ಅಥವಾ ಪೆಟ್ರೋಲ್ ಅಪೂರ್ಣವಾಗಿ ಉರಿದಾಗ ಇಂಗಾಲದ ಮಾನಾಕ್ಸೈಡ್ ಉತ್ಪತ್ತಿಯಾಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ದೇಹಕ್ಕೆ ಆಮ್ಲಜನಕದ ಪೂರೈಕೆಯನ್ನು ತಪ್ಪಿಸುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಆರಂಭಿಕ ಲಕ್ಷಣಗಳು. ನಿದ್ರೆಯಲ್ಲಿರುವವರು ಯಾವ ಲಕ್ಷಣವೂ ಅರಿವಿಗೆ ಬಾರದೆ ಸಾವನ್ನಪ್ಪಬಹುದು. ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಬಳಸಬಾರದು. ಜನರೇಟರ್ ಅನ್ನು ಮನೆಯ ಹೊರಗೆ, ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರದಲ್ಲಿಡಬೇಕು. ಮಲಗುವ ಕೋಣೆಗಳ ಬಳಿ ಈ ಅನಿಲವನ್ನು ಗುರುತಿಸುವ ಎಚ್ಚರಿಕೆ ಗಂಟೆಯನ್ನು ಅಳವಡಿಸಿ, ಅದರ ಬ್ಯಾಟರಿಯನ್ನು ಪ್ರತಿ ಚಳಿಗಾಲಕ್ಕೂ ಮುನ್ನ ಪರೀಕ್ಷಿಸುವುದು ಅತ್ಯಗತ್ಯ.

ಖಾಲಿ ಬಿಡುವ ಮನೆ

ಚಳಿಗಾಲದಲ್ಲಿ ಪ್ರವಾಸ ಹೋಗುವವರು ಶಾಖ ವ್ಯವಸ್ಥೆಯನ್ನು ಪೂರ್ತಿಯಾಗಿ ಆರಿಸಬಾರದು. ಉಷ್ಣಾಂಶವನ್ನು 55 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 13 ಡಿಗ್ರಿ ಸೆಲ್ಸಿಯಸ್) ಗಿಂತ ಕಡಿಮೆ ಮಾಡದಿರುವಂತೆ ಅಮೆರಿಕನ್ ರೆಡ್ ಕ್ರಾಸ್ ಸಲಹೆ ನೀಡುತ್ತದೆ. ಮುಖ್ಯ ಕವಾಟವನ್ನು ಮುಚ್ಚಿ ಕೊಳವೆಗಳಲ್ಲಿನ ನೀರನ್ನು ಬಸಿದರೆ ಇನ್ನಷ್ಟು ಸುರಕ್ಷಿತ. ಶಾಖವೇ ಇಲ್ಲದ ಮನೆಗಳಲ್ಲಿ ಬಚ್ಚಲು ಹಾಗೂ ತೊಟ್ಟಿಗಳ ಬಾಗುಕೊಳವೆಯಲ್ಲಿ ಉಳಿಯುವ ನೀರಿಗೆ ಪ್ರೊಪಿಲೀನ್ ಗ್ಲೈಕಾಲ್ ಆಧಾರಿತ ದ್ರವವನ್ನು ಸುರಿಯಲಾಗುತ್ತದೆ. ವಾಹನಗಳಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ವಿಷಕಾರಿಯಾದ ಕಾರಣ ಅದನ್ನು ಇಲ್ಲಿ ಬಳಸುವುದಿಲ್ಲ.

ಕೈತೋಟದ ಸಿದ್ಧತೆ

ಸಸ್ಯಗಳ ಮೇಲೆ ಶೀತದ ಪರಿಣಾಮ

ಉಷ್ಣಾಂಶ ಶೂನ್ಯಕ್ಕಿಂತ ಕೆಳಗಿಳಿದಾಗ ಸಸ್ಯದ ಜೀವಕೋಶಗಳ ನಡುವಿನ ಅವಕಾಶಗಳಲ್ಲಿ ಮೊದಲು ಮಂಜುಗಡ್ಡೆ ಮೂಡುತ್ತದೆ. ಅದು ಜೀವಕೋಶಗಳೊಳಗಿನ ನೀರನ್ನು ಹೊರಸೆಳೆಯುವುದರಿಂದ ಕೋಶಗಳು ಒಣಗಿ ಹಾನಿಗೊಳ್ಳುತ್ತವೆ. ಕೋಶದ ಒಳಗೇ ಮಂಜುಗಡ್ಡೆ ಮೂಡಿದರೆ ಸಾಮಾನ್ಯವಾಗಿ ಆ ಕೋಶ ಸಾಯುತ್ತದೆ. ಶೀತವಲಯದ ಸಸ್ಯಗಳು ಹಗಲು ಕಿರಿದಾಗಿ ಚಳಿ ಹೆಚ್ಚಿದಂತೆ ಕೋಶಗಳಲ್ಲಿ ಸಕ್ಕರೆ ಮುಂತಾದ ದ್ರಾವ್ಯಗಳನ್ನು ಶೇಖರಿಸಿಕೊಂಡು ಕ್ರಮೇಣ ಗಟ್ಟಿಯಾಗುತ್ತವೆ. ಬೇಸಿಗೆಯ ಕೊನೆಯಲ್ಲಿ ಸಾರಜನಕ ಗೊಬ್ಬರ ಹಾಕಿದರೆ ಅಥವಾ ಕೊಂಬೆಗಳನ್ನು ಸವರಿದರೆ ಎಳೆಯ ಚಿಗುರು ಹೊರಟು, ಗಟ್ಟಿಯಾಗುವ ಮುನ್ನವೇ ಚಳಿಗೆ ಸಿಲುಕುತ್ತದೆ. ಹೀಗಾಗಿ ಆ ಅವಧಿಯಲ್ಲಿ ಇವೆರಡನ್ನೂ ನಿಲ್ಲಿಸುವುದು ರೂಢಿ.

ಸಹಿಷ್ಣುತಾ ವಲಯಗಳು

ಯಾವ ಸಸ್ಯ ಎಷ್ಟು ಚಳಿ ತಾಳುತ್ತದೆ ಎಂಬುದನ್ನು ಸೂಚಿಸಲು ಅಮೆರಿಕದ ಕೃಷಿ ಇಲಾಖೆಯು ಸಸ್ಯ ಸಹಿಷ್ಣುತಾ ವಲಯಗಳ ನಕ್ಷೆಯನ್ನು ಪ್ರಕಟಿಸುತ್ತದೆ. ಇದು 1960ರಲ್ಲಿ ಮೊದಲು ಪ್ರಕಟವಾಯಿತು. ಇತ್ತೀಚಿನ ಪರಿಷ್ಕರಣೆ 2023ರದು. ವರ್ಷದ ಅತಿ ಕನಿಷ್ಠ ಉಷ್ಣಾಂಶದ ಸರಾಸರಿಯನ್ನು ಆಧರಿಸಿ 13 ವಲಯಗಳನ್ನು ಗುರುತಿಸಲಾಗಿದ್ದು, ಪ್ರತಿ ವಲಯವು 10 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ವ್ಯಾಪ್ತಿ ಹೊಂದಿದೆ. ಉದಾಹರಣೆಗೆ, 5ನೆಯ ವಲಯದಲ್ಲಿ ಈ ಸರಾಸರಿ −28.9ರಿಂದ −23.3 ಡಿಗ್ರಿ ಸೆಲ್ಸಿಯಸ್. ಸರಾಸರಿಯನ್ನಷ್ಟೇ ತಿಳಿಸುವ ಕಾರಣ, ಅಪರೂಪದ ಕಡುಚಳಿಯ ವಿರುದ್ಧ ಈ ನಕ್ಷೆಯು ಭರವಸೆ ನೀಡುವುದಿಲ್ಲ.

ಮುಖ್ಯ ಕೆಲಸಗಳು

- ಹೊದಿಕೆ: ಒಣಹುಲ್ಲು, ತರಗೆಲೆ ಅಥವಾ ಮರದ ಚೂರುಗಳನ್ನು ಬುಡದ ಸುತ್ತ ಹರಡಲಾಗುತ್ತದೆ. ಮಣ್ಣನ್ನು ಬೆಚ್ಚಗಿಡುವುದಕ್ಕಿಂತ ಅದರ ಉಷ್ಣಾಂಶವನ್ನು ಸ್ಥಿರವಾಗಿಡುವುದು ಇದರ ಉದ್ದೇಶ. ಪದೇ ಪದೇ ಹೆಪ್ಪುಗಟ್ಟಿ ಕರಗುವ ಮಣ್ಣು ಬೇರುಗಳನ್ನು ಮೇಲೆತ್ತುತ್ತದೆ. ಆದುದರಿಂದ ನೆಲ ತಣ್ಣಗಾದ ನಂತರವೇ ಹೊದಿಕೆ ಹಾಕುವುದು ಸೂಕ್ತ. ಹೊದಿಕೆ ಕಾಂಡಕ್ಕೆ ತಾಗಿದರೆ ಕೊಳೆರೋಗ ಬರಬಹುದು. ಇಲಿಗಳು ತೊಗಟೆ ಕಡಿಯಬಹುದು.
- ನೀರುಣಿಸುವಿಕೆ: ನಿತ್ಯಹರಿದ್ವರ್ಣದ ಗಿಡಗಳು ಚಳಿಗಾಲದಲ್ಲೂ ಎಲೆಗಳ ಮೂಲಕ ನೀರನ್ನು ಕಳೆದುಕೊಳ್ಳುತ್ತವೆ. ಹೆಪ್ಪುಗಟ್ಟಿದ ನೆಲದಿಂದ ಬೇರು ನೀರನ್ನು ಹೀರಲಾರದು. ಆದುದರಿಂದ ನೆಲ ಗಡ್ಡೆಕಟ್ಟುವ ಮುನ್ನ ಇವಕ್ಕೆ ಚೆನ್ನಾಗಿ ನೀರುಣಿಸಲಾಗುತ್ತದೆ.
- ಗಡ್ಡೆಗಳ ಸಂಗ್ರಹ: ಡೇಲಿಯಾ, ಗ್ಲಾಡಿಯೋಲಸ್, ಕಾಬಾಳೆ ಮೊದಲಾದ ಉಷ್ಣವಲಯ ಮೂಲದ ಗಡ್ಡೆಗಳನ್ನು ಮೊದಲ ಹಿಮದಿಂದ ಎಲೆಗಳು ಕರಕಾದೊಡನೆ ಅಗೆದು, ತಂಪಾದ ಆದರೆ ಹೆಪ್ಪುಗಟ್ಟದ ಜಾಗದಲ್ಲಿ ಇರಿಸಲಾಗುತ್ತದೆ.
- ಶರತ್ಕಾಲದ ನಾಟಿ: ಟ್ಯುಲಿಪ್ ಗಡ್ಡೆ ಮತ್ತು ಬೆಳ್ಳುಳ್ಳಿಯನ್ನು ಇದಕ್ಕೆ ವಿರುದ್ಧವಾಗಿ ಚಳಿಗಾಲಕ್ಕೆ ಮುನ್ನವೇ ನೆಡುತ್ತಾರೆ. ಟ್ಯುಲಿಪ್ ಹೂ ಬಿಡಲು ಕೆಲವು ವಾರಗಳ ಶೀತ ಅವಶ್ಯ.
- ಗುಲಾಬಿ: ಕಸಿ ಗುಲಾಬಿಯ ಕಸಿಗಂಟು ಚಳಿಗೆ ಸೂಕ್ಷ್ಮ. ಅದನ್ನು ಮುಚ್ಚುವಂತೆ 20ರಿಂದ 30 ಸೆಂಟಿಮೀಟರ್ ಎತ್ತರ ಮಣ್ಣು ಏರಿಸಲಾಗುತ್ತದೆ. ಮಿನ್ನೆಸೋಟದಲ್ಲಿ ಇಡೀ ಗಿಡವನ್ನು ಬಾಗಿಸಿ ಕಾಲುವೆಯಲ್ಲಿ ಮಲಗಿಸಿ ಹೂಳುವ ಪದ್ಧತಿಯೂ ಇದೆ.
- ಎಳೆಯ ಮರಗಳು: ಚಳಿಗಾಲದ ಮಧ್ಯಾಹ್ನದ ಬಿಸಿಲಿಗೆ ಕಾಂಡದ ನೈಋತ್ಯ ಭಾಗ ಬೆಚ್ಚಗಾಗಿ, ಸೂರ್ಯಾಸ್ತದ ನಂತರ ಒಮ್ಮೆಗೇ ಹೆಪ್ಪುಗಟ್ಟಿ ತೊಗಟೆ ಸೀಳುತ್ತದೆ. ಬಿಳಿಯ ಕಾಗದ ಅಥವಾ ಪ್ಲಾಸ್ಟಿಕ್ ಸುತ್ತಿಗೆಯಿಂದ ಇದನ್ನು ತಪ್ಪಿಸಬಹುದು.
- ಕುಂಡಗಳು: ಕುಂಡದ ಮಣ್ಣು ಎಲ್ಲ ಬದಿಗಳಿಂದಲೂ ತಣ್ಣಗಾಗುವುದರಿಂದ, ನೆಲದಲ್ಲಿ ಬದುಕುವ ಗಿಡವೂ ಕುಂಡದಲ್ಲಿ ಸಾಯಬಹುದು. ನೀರು ಹೀರುವ ಮಣ್ಣಿನ ಕುಂಡಗಳನ್ನು ಬರಿದುಮಾಡಿ ಒಳಗಿಡಬೇಕು.

ಕಾಲುದಾರಿಯ ಮಂಜನ್ನು ಕರಗಿಸಲು ಬಳಸುವ ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಮಣ್ಣಿಗೆ ಸೇರಿ ಬೇರುಗಳಿಗೆ ಹಾನಿ ಮಾಡುತ್ತದೆ. ಕಡುಚಳಿಯಲ್ಲಿ ಅದರ ಪರಿಣಾಮವೂ ಕುಗ್ಗುತ್ತದೆ. ಗಿಡಗಳ ಪಕ್ಕದ ದಾರಿಗಳಲ್ಲಿ ಜಾರದಂತೆ ಮರಳು ಹರಡುವುದು ಉತ್ತಮ ಪರ್ಯಾಯ.

ಪ್ರಾದೇಶಿಕ ಪದ್ಧತಿಗಳು

ಲಡಾಖ್: ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್ ಸುತ್ತಮುತ್ತ ಬೇಸಿಗೆಯು ಕೆಲವೇ ತಿಂಗಳು. ಸಾಂಪ್ರದಾಯಿಕ ಮನೆಗಳು ದಪ್ಪನೆಯ ಮಣ್ಣಿಟ್ಟಿಗೆಯ ಗೋಡೆ ಮತ್ತು ಚಪ್ಪಟೆ ಮಾಡನ್ನು ಹೊಂದಿದ್ದು, ಜಾನುವಾರುಗಳನ್ನು ಕೆಳ ಅಂತಸ್ತಿನಲ್ಲಿ ಕಟ್ಟಲಾಗುತ್ತದೆ. ಶರತ್ಕಾಲದಲ್ಲಿ ಮೇವನ್ನು ಮಾಡಿನ ಮೇಲೆ ಒಟ್ಟಲಾಗುತ್ತದೆ; ಬೆರಣಿಯನ್ನು ಇಂಧನಕ್ಕಾಗಿ ಕೂಡಿಡಲಾಗುತ್ತದೆ. ಆಲೂಗಡ್ಡೆ, ಮೂಲಂಗಿ, ಗಜ್ಜರಿಗಳನ್ನು ನೆಲದಡಿಯ ಗುಂಡಿಗಳಲ್ಲಿ ಹೂತಿಟ್ಟು, ಸೊಪ್ಪುಗಳನ್ನು ಒಣಗಿಸಿ ಇಡುತ್ತಾರೆ. 1988ರಲ್ಲಿ ಸ್ಥಾಪಿತವಾದ ಸೆಕ್ಮಾಲ್ ಸಂಸ್ಥೆಯ ಫೇ ಆವರಣದ ಕಟ್ಟಡಗಳು ದಕ್ಷಿಣಾಭಿಮುಖ ಗಾಜು ಮತ್ತು ಮಣ್ಣಿನ ಗೋಡೆಗಳ ನೆರವಿನಿಂದ ಸೂರ್ಯನ ಶಾಖದಿಂದಲೇ ಬೆಚ್ಚಗಿರುತ್ತವೆ.

ಕಾಶ್ಮೀರ: ಡಿಸೆಂಬರ್ 21ರಿಂದ ಜನವರಿ 31ರವರೆಗಿನ ಸುಮಾರು 40 ದಿನಗಳ ಕಡುಚಳಿಯ ಅವಧಿಯನ್ನು ಚಿಲ್ಲೈ ಕಲಾನ್ ಎನ್ನುತ್ತಾರೆ. ಬೇಸಿಗೆಯಲ್ಲಿಯೇ ಸೋರೆಕಾಯಿ, ಬದನೆ, ಟೊಮೇಟೊಗಳನ್ನು ಒಣಗಿಸಿ ಈ ಅವಧಿಗಾಗಿ ಸಂಗ್ರಹಿಸುವ ಪದ್ಧತಿ ಇದೆ. ಬೆತ್ತದಂತಹ ಕಡ್ಡಿಗಳಿಂದ ಹೆಣೆದ ಬುಟ್ಟಿಯೊಳಗೆ ಕೆಂಡದ ಮಡಕೆಯನ್ನಿಟ್ಟ ಕಾಂಗ್ಡಿಯನ್ನು ಜನರು ಫೆರನ್ ಎಂಬ ನಿಲುವಂಗಿಯೊಳಗೆ ಹಿಡಿದುಕೊಳ್ಳುತ್ತಾರೆ.

ಜಪಾನ್: ಕನಜಾವಾ ನಗರದ ಕೆನ್‌ರೊಕು ಉದ್ಯಾನದಲ್ಲಿ ಪ್ರತಿ ವರ್ಷ ನವೆಂಬರ್ 1ರಿಂದ ಯುಕಿಜುರಿ ಎಂಬ ಕಾರ್ಯ ಆರಂಭವಾಗುತ್ತದೆ. ಮರದ ಬಳಿ ಎತ್ತರದ ಕಂಬ ನೆಟ್ಟು, ಅದರ ತುದಿಯಿಂದ ಇಳಿಬಿಟ್ಟ ಹಗ್ಗಗಳಿಂದ ಕೊಂಬೆಗಳನ್ನು ಎತ್ತಿಕಟ್ಟಿ, ತೇವಭರಿತ ಹಿಮದ ಭಾರಕ್ಕೆ ಅವು ಮುರಿಯದಂತೆ ನೋಡಿಕೊಳ್ಳಲಾಗುತ್ತದೆ.

ಯುರೋಪ್: ಕಿತ್ತಳೆ, ನಿಂಬೆ ಗಿಡಗಳನ್ನು ಚಳಿಗಾಲದಲ್ಲಿ ಇರಿಸಲು ಆರೆಂಜರಿ ಎಂಬ ಕಟ್ಟಡಗಳು ಬಳಕೆಗೆ ಬಂದವು. ವರ್ಸೇಲ್ಸ್ ಅರಮನೆಯ ಆರೆಂಜರಿಯು 1684 ಮತ್ತು 1686ರ ನಡುವೆ ನಿರ್ಮಾಣವಾಯಿತು. ಮುಂದೆ ಗಾಜಿನ ಮನೆಗಳು ಬೆಳೆದುಬಂದವು. ಲಂಡನ್ನಿನ 1851ರ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸಗೊಳಿಸಿದ ಜೋಸೆಫ್ ಪ್ಯಾಕ್ಸ್‌ಟನ್ ಮೂಲತಃ ತೋಟಗಾರನಾಗಿದ್ದು, ಗಿಡಗಳ ಗಾಜಿನ ಮನೆಗಳನ್ನು ಕಟ್ಟಿ ಅನುಭವ ಪಡೆದಿದ್ದನು.

2021ರ ಟೆಕ್ಸಸ್ ಶೀತ ದುರಂತ

ಸಿದ್ಧತೆಯ ಕೊರತೆಯ ಪರಿಣಾಮಕ್ಕೆ 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ನಡೆದ ಘಟನೆ ಪ್ರಮುಖ ಉದಾಹರಣೆ. ಫೆಬ್ರವರಿ 16ರಂದು ಡಲ್ಲಸ್‌ನಲ್ಲಿ ಉಷ್ಣಾಂಶವು −19 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಅನಿಲ ಪೂರೈಕೆ ಮತ್ತು ವಿದ್ಯುತ್ ಸ್ಥಾವರಗಳು ಚಳಿಗೆ ಸಜ್ಜಾಗಿರದ ಕಾರಣ ಉತ್ಪಾದನೆ ಕುಸಿದು, 45 ಲಕ್ಷಕ್ಕೂ ಹೆಚ್ಚು ಮನೆ ಮತ್ತು ಅಂಗಡಿಗಳು ವಿದ್ಯುತ್ ಕಳೆದುಕೊಂಡವು. ಶಾಖವಿಲ್ಲದ ಮನೆಗಳಲ್ಲಿ ಕೊಳವೆಗಳು ಒಡೆದವು. ಬೆಚ್ಚಗಿರಲು ಮನೆಯೊಳಗೆ ಇದ್ದಿಲು ಉರಿಸಿದವರು, ಮುಚ್ಚಿದ ನಿಲುಗಡೆ ಕೋಣೆಯಲ್ಲಿ ಕಾರಿನ ಎಂಜಿನ್ ಚಾಲನೆಯಲ್ಲಿಟ್ಟವರು ಇಂಗಾಲದ ಮಾನಾಕ್ಸೈಡ್ ವಿಷಕ್ಕೆ ತುತ್ತಾದರು. ರಾಜ್ಯದ ಆರೋಗ್ಯ ಇಲಾಖೆಯು ಒಟ್ಟು 246 ಸಾವುಗಳನ್ನು ದಾಖಲಿಸಿದೆ. ಇವುಗಳಲ್ಲಿ ಸುಮಾರು ಮೂರನೇ ಎರಡರಷ್ಟು ಸಾವುಗಳಿಗೆ ಕಾರಣ ನೇರವಾಗಿ ಚಳಿಯೇ. ಇದಕ್ಕಿಂತ ಹೆಚ್ಚು ಚಳಿಯನ್ನು ಮಿನ್ನೆಸೋಟ ಪ್ರತಿ ವರ್ಷವೂ ಎದುರಿಸುತ್ತದೆ. ಅಲ್ಲಿ ಅದು ದುರಂತವಾಗದಿರುವುದಕ್ಕೆ ಕಾರಣ ಕಟ್ಟಡ ಮತ್ತು ಮೂಲಸೌಕರ್ಯಗಳ ಪೂರ್ವಸಿದ್ಧತೆ.

ಕರ್ನಾಟಕ ಮತ್ತು ಕನ್ನಡಿಗರು

ಕರ್ನಾಟಕದ ವಾಸದ ನೆಲೆಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಸಾಮಾನ್ಯವಾಗಿ ಇರುವುದಿಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕನಿಷ್ಠ ಉಷ್ಣಾಂಶ 1884ರ ಜನವರಿ 13ರಂದಿನ 7.8 ಡಿಗ್ರಿ ಸೆಲ್ಸಿಯಸ್. 1889ರಲ್ಲಿ ಅಡಿಗಲ್ಲು ಹಾಕಲಾದ ಲಾಲ್‌ಬಾಗ್‌ನ ಗಾಜಿನ ಮನೆಯು ಕ್ರಿಸ್ಟಲ್ ಪ್ಯಾಲೇಸ್ ಮಾದರಿಯಿಂದ ಪ್ರೇರಿತವಾದರೂ, ಚಳಿಯಿಂದ ಗಿಡಗಳನ್ನು ಕಾಪಾಡುವ ಅಗತ್ಯ ಇಲ್ಲಿಲ್ಲ. ಅದು ಫಲಪುಷ್ಪ ಪ್ರದರ್ಶನಗಳಿಗೆ ಬಳಕೆಯಾಗುತ್ತದೆ. ನೆರೆಯ ನೀಲಗಿರಿಯಲ್ಲಿ ಮಾತ್ರ ಡಿಸೆಂಬರ್ ಮತ್ತು ಜನವರಿಯ ನಿರಭ್ರ ರಾತ್ರಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಹಾ ಚಿಗುರು ಕರಕಾಗುತ್ತದೆ. ಅಲ್ಲಿ ಗಿಡಗಳಿಗೆ ಒಣ ಸೊಪ್ಪು ಮತ್ತು ಜರಿಗಿಡಗಳನ್ನು ಹೊದಿಸುವ ರೂಢಿಯಿದೆ.

ಉತ್ತರ ಅಮೆರಿಕ ಹಾಗೂ ಯುರೋಪಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಸಿದ್ಧತೆ ಹೊಸದಾಗಿ ಕಲಿಯಬೇಕಾದ ವಿಷಯ. ಡಿಸೆಂಬರ್ ರಜೆಯಲ್ಲಿ ಊರಿಗೆ ಬರುವವರ ಮನೆ ಕಡುಚಳಿಯ ವಾರಗಳಲ್ಲಿಯೇ ಖಾಲಿ ಇರುತ್ತದೆ. ಹೊರಡುವ ಮುನ್ನ ಮುಖ್ಯ ಕವಾಟವನ್ನು ಮುಚ್ಚುವುದು ಅಂಥವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕರಿಬೇವು, ತುಳಸಿ, ದುಂಡುಮಲ್ಲಿಗೆ ಮೊದಲಾದ ಗಿಡಗಳು ಹಿಮವನ್ನು ತಾಳಲಾರವು. ಇವನ್ನು ಕುಂಡಗಳಲ್ಲಿ ಬೆಳೆಸಿ, ರಾತ್ರಿಯ ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮುನ್ನವೇ ಒಳತಂದು, ದಕ್ಷಿಣ ದಿಕ್ಕಿನ ಕಿಟಕಿಯ ಬಳಿ ಇರಿಸಬೇಕು. ಒಳತಂದ ಕರಿಬೇವು ಬೆಳಕಿನ ಕೊರತೆಯಿಂದ ಎಲೆ ಉದುರಿಸಿ ಸುಪ್ತಾವಸ್ಥೆಗೆ ಹೋಗುವುದು ಸಹಜ. ಗಿಡ ಸತ್ತಿತೆಂದು ಎಸೆಯದೆ, ಅತಿಯಾಗಿ ನೀರೆರೆದು ಬೇರು ಕೊಳೆಯಿಸದೆ ಕಾದರೆ, ವಸಂತದಲ್ಲಿ ಅದು ಮತ್ತೆ ಚಿಗುರುತ್ತದೆ.